1,18,000 ಪದಗಳ ಕರಡು, ಪ್ರಕಾಶಕರು ಕೇಳಿದ್ದು 320 ಪುಟ. ಎಲ್ಲಿಂದ ಕಡಿಮೆ ಮಾಡಲಿ?

ಹಳೇಊರು_ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ಕಾದಂಬರಿಯ ಮೊದಲ ಕರಡು ಮುಗಿದಿದೆ. ಮುಳುಗಡೆಯ ಕಥೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು, ಬಾಗಲಕೋಟೆಯ ಹಳೇ ಊರಿನ ಓಣಿಗಳು ಖಾಲಿಯಾಗಿ, ಜನ ನವನಗರಕ್ಕೆ ಹೋದ ವರ್ಷಗಳಲ್ಲಿ ಒಂದು ಮನೆತನಕ್ಕೆ ಏನೇನಾಯ್ತು ಅನ್ನೋದು. ವರ್ಡ್ ಫೈಲಿನ ಕೆಳಗೆ 1,18,000 ಪದ ಅಂತ ತೋರಿಸುತ್ತಿದೆ. ಪ್ರಕಾಶಕರು ಓದಿದ್ದಾರೆ, ಇಷ್ಟಪಟ್ಟಿದ್ದಾರೆ, ಆದರೆ 320 ಪುಟದೊಳಗೆ ಬರಲೇಬೇಕು ಅಂದಿದ್ದಾರೆ. ಅದಕ್ಕಿಂತ ದಪ್ಪವಾದರೆ ಬೆಲೆ ಏರುತ್ತದೆ, ಹೊಸ ಲೇಖಕಿಯ ಪುಸ್ತಕವನ್ನು ಆ ಬೆಲೆಗೆ ಯಾರು ಕೊಳ್ಳುತ್ತಾರೆ ಅಂತ ಅವರ ಮಾತು. ಅದರಲ್ಲಿ ಸುಳ್ಳೇನಿಲ್ಲ.

ಮೊದಲನೇದಾಗಿ, 320 ಪುಟ ಅಂದರೆ ಎಷ್ಟು ಪದ? ಇನ್ನೊಂದು, ಒಂದೊಂದು ವಾಕ್ಯದಿಂದ ಒಂದೆರಡು ಪದ ತೆಗೆಯುತ್ತಾ ಹೋದರೆ ಈ ಜನ್ಮಕ್ಕೆ ಮುಗಿಯುವ ಕೆಲಸ ಅಲ್ಲ ಅನ್ನಿಸುತ್ತಿದೆ. ದೊಡ್ಡ ಕರಡನ್ನು ಇಳಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಪುಟವಿನ್ಯಾಸ_ಬೆಳಗಾವಿ

ಅಕ್ಕಾ, ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸದವನು, ಪುಟದ ಲೆಕ್ಕ ನಾನು ಹೇಳುತ್ತೇನೆ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಕನ್ನಡ ಪುಸ್ತಕ ತೆಗೆದು ಮೊದಲ ಹಾಳೆಯ ಹಿಂದೆ ನೋಡಿ. ಬಳಸಿದ ಕಾಗದ 70 ಜಿಎಸ್‌ಎಂ ಎನ್.ಎಸ್. ಮ್ಯಾಪ್ಲಿಥೋ, ಡೆಮಿ 1/8, ಪುಟಗಳು ಇಷ್ಟು, ಪ್ರತಿಗಳು ಇಷ್ಟು ಅಂತ ಇರುತ್ತದೆ. ಡೆಮಿ 1/8 ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಸುತ್ತ ಅಂಚು ಬಿಟ್ಟರೆ ಅಕ್ಷರ ಕೂರುವ ಜಾಗ ಎತ್ತರದಲ್ಲಿ ಏಳು ಇಂಚು, ಅಂದರೆ 504 ಪಾಯಿಂಟ್. 12 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 17 ಪಾಯಿಂಟ್ ಕೊಟ್ಟರೆ ಪುಟಕ್ಕೆ 29 ಸಾಲು. ಸಾಲಿಗೆ ಸರಾಸರಿ 8 ಪದ ಹಿಡಿಯಿರಿ. ಪುಟಕ್ಕೆ 232 ಪದ ಆಯ್ತು. 320 ಪುಟಕ್ಕೆ 74,000ದ ಮೇಲೆ ಸ್ವಲ್ಪ.

ನಿಮ್ಮದನ್ನು ಈಗಿರುವ ಹಾಗೇ ಕೂರಿಸಿದರೆ 510 ಪುಟದ ಹತ್ತಿರ ಹೋಗುತ್ತದೆ. ಅಚ್ಚಿನವರು 16 ಪುಟಕ್ಕೆ ಒಂದು ಫಾರ್ಮ್ ಲೆಕ್ಕ ಹಾಕುತ್ತಾರೆ. 320 ಅಂದರೆ 20 ಫಾರ್ಮ್. ನಿಮ್ಮದು 32 ಫಾರ್ಮ್. ಪ್ರಕಾಶಕರ ತಲೆಯಲ್ಲಿ ಓಡುವುದು ಪದ ಅಲ್ಲ, ಈ ಫಾರ್ಮ್. 320 ಇದ್ದದ್ದು 323 ಆದರೂ ಆ ಮೂರು ಪುಟಕ್ಕೋಸ್ಕರ ಇನ್ನೊಂದು ಫಾರ್ಮ್, ಇಲ್ಲವೇ ಅರ್ಧ ಫಾರ್ಮ್ ಓಡಿಸಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲೂ ಪುಟದ ಲೆಕ್ಕದಲ್ಲೇ ದರ ಕಟ್ಟುತ್ತಾರೆ. ಅದಕ್ಕೇ ಅವರು ನಿಮಗೆ ಪುಟ ಹೇಳಿದ್ದು.

ಆದರೆ ಇದು ವಿವರಣೆ ಜಾಸ್ತಿ ಇರುವ ಪುಟದ ಲೆಕ್ಕ. ಸಂಭಾಷಣೆ ಬಂದರೆ ಅರ್ಧ ಸಾಲಿಗೇ ಮಾತು ಮುಗಿದು ಹೊಸ ಸಾಲು ಶುರುವಾಗುತ್ತದೆ, ಪುಟಕ್ಕೆ 180 ಪದ ಕೂತರೆ ಹೆಚ್ಚು. ನೀವು ವಿವರಣೆ ಕಡಿದು ಮಾತು ಉಳಿಸಿಕೊಂಡರೆ ಪದ ಇಳಿದಷ್ಟು ಪುಟ ಇಳಿಯುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡಿರಿ.

ಇಳಕಲ್ಲ_ಕೊಂಡಿ

ಅಯ್ಯೋ ನನ್ನದು ಉಲ್ಟಾ ಸಮಸ್ಯೆ. 31,000ಕ್ಕೇ ಮುಗಿದು ಹೋಯ್ತು. ಅಕ್ಕಾರ ಚರ್ಚೆ ಮುಗಿದ ಮೇಲೆ ಕೇಳ್ತೀನಿ.

ಮುಧೋಳ_ಕಬ್ಬು

74,000 ಅಂದರೆ ನೂರಕ್ಕೆ 37 ತೆಗೆಯಬೇಕು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಇದನ್ನು ಎರಡು ಪುಸ್ತಕ ಮಾಡಿದರೆ ಹೇಗೆ ಅಕ್ಕಾ? ಮೊದಲ ಭಾಗ ಹಳೇ ಊರು, ಎರಡನೇ ಭಾಗ ನವನಗರ?

ಹಳೇಊರು_ಬಾಗಲಕೋಟೆ

ಅದನ್ನೂ ಯೋಚಿಸಿದೆ ತಮ್ಮಾ. ಆದರೆ ಮೊದಲ ಭಾಗ ಊರು ಬಿಡುವಲ್ಲಿ ಮುಗಿದರೆ ಕಥೆ ಬರೀ ಗೋಳಾಗುತ್ತದೆ. ನವನಗರದಲ್ಲಿ ಸೆಕ್ಟರ್ ನಂಬರ್ ಹೇಳಿಕೊಂಡು ಹೊಸದಾಗಿ ಬದುಕು ಕಟ್ಟಿದ್ದೂ ಅದೇ ಜನ. ಎರಡೂ ಒಂದೇ ಕೈಯಲ್ಲಿರಬೇಕು.

ಕರಡಚ್ಚು_ಗೋಕಾಕ

ಅಕ್ಕಾ, ನಾನು ಬೇರೆಯವರ ಹಸ್ತಪ್ರತಿ ತಿದ್ದಿಕೊಡುವ ಕೆಲಸ ಮಾಡುತ್ತೇನೆ. ಒಂದೇ ಒಂದು ಮಾತು ಗಟ್ಟಿಯಾಗಿ ಹೇಳಬೇಕಾದರೆ ಇದನ್ನು ಹೇಳುತ್ತೇನೆ: ಒಟ್ಟು ಪದ ನೋಡುವುದನ್ನು ಇವತ್ತಿಗೇ ಬಿಡಿ. 1,18,000 ಅನ್ನುವ ಸಂಖ್ಯೆ ಹೆದರಿಸುತ್ತದೆ ಅಷ್ಟೇ, ಎಲ್ಲಿ ಹೆಚ್ಚಾಗಿದೆ ಅಂತ ಹೇಳುವುದಿಲ್ಲ. ಒಂದು ಹಾಳೆ ತಗೊಳ್ಳಿ. ಅಧ್ಯಾಯದ ನಂಬರ್ ಬರೆಯಿರಿ, ಪಕ್ಕದಲ್ಲಿ ಆ ಅಧ್ಯಾಯಕ್ಕೆ ಎಷ್ಟು ಪದ, ಅದರ ಪಕ್ಕದಲ್ಲಿ ಆ ಅಧ್ಯಾಯದಲ್ಲಿ ಏನು ಬದಲಾಗುತ್ತದೆ ಅಂತ ಒಂದೇ ಸಾಲು. ಏನು ನಡೆಯುತ್ತದೆ ಅಂತಲ್ಲ, ಏನು ಬದಲಾಗುತ್ತದೆ ಅಂತ. ಆ ಸಾಲು ಬರೆಯಲಿಕ್ಕೆ ಆಗದ ಅಧ್ಯಾಯ ಸಿಕ್ಕೇ ಸಿಗುತ್ತದೆ. ಕೆಲಸ ಅಲ್ಲಿಂದ ಶುರು.

ಎಲ್ಲರೂ ಹೇಳುವ ಒಂದು ಸೂತ್ರ ಇದೆ, ಎರಡನೇ ಕರಡು = ಮೊದಲ ಕರಡು ಮೈನಸ್ ಶೇಕಡ 10. ಸ್ಟೀಫನ್ ಕಿಂಗ್ ಶಾಲಾ ಹುಡುಗನಾಗಿದ್ದಾಗ ಒಂದು ಕಥೆ ವಾಪಸು ಬಂತು, ಆ ಚೀಟಿಯ ಮೇಲೆ ಸಂಪಾದಕರು ಕೈಯಲ್ಲಿ ಬರೆದ ಸೂತ್ರ ಅದು. ಒಳ್ಳೆಯ ಸೂತ್ರವೇ. ಆದರೆ ಅದು ವಾಕ್ಯ ತಿದ್ದುವವರಿಗೆ. ನಿಮಗೆ ಬೇಕಿರುವುದು 37. ವಾಕ್ಯದಲ್ಲಿ ಅಷ್ಟು ಸಿಗುವುದಿಲ್ಲ, ಸಿಕ್ಕರೆ ಭಾಷೆ ಎಲುಬಾಗುತ್ತದೆ. ಮೊದಲು ಅಧ್ಯಾಯ, ಆಮೇಲೆ ದೃಶ್ಯ, ಕೊನೆಗೆ ವಾಕ್ಯ. ಇದೇ ಅನುಕ್ರಮ ಯಾಕೆ ಅಂದರೆ, ಎರಡು ವಾರ ಕೂತು ಚಂದ ಮಾಡಿದ ವಾಕ್ಯ ಇರುವ ದೃಶ್ಯವನ್ನು ಆಮೇಲೆ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಳೇಊರು_ಬಾಗಲಕೋಟೆ

ಪಟ್ಟಿ ಮಾಡಿದೆ. ಒಟ್ಟು 22 ಅಧ್ಯಾಯ. ಹೆಚ್ಚಿನವು 4,000ದಿಂದ 5,000 ಪದ. ಏಳನೆಯದು ಮಾತ್ರ 13,600, ಎಂಟನೆಯದು 11,200. ಎರಡೂ ಸೇರಿ 24,800! ನನಗೇ ಗೊತ್ತಿರಲಿಲ್ಲ. ಅವೆರಡರಲ್ಲೂ ಇರುವುದು ಪರಿಹಾರದ ಕಥೆ: ಭೂಸ್ವಾಧೀನದ 4(1) ನೋಟಿಸ್ ಬಂದದ್ದು, ಮನೆ ಅಳತೆ ಮಾಡಿದ್ದು, ಪರಿಹಾರ ಎಷ್ಟು ಅಂತ ಅವಾರ್ಡ್ ಆದದ್ದು, ಅಪ್ಪ ಕೋರ್ಟಿಗೆ ಹೋದದ್ದು. ಇದಕ್ಕಾಗಿ ತುಂಬಾ ಜನರನ್ನು ಮಾತಾಡಿಸಿದ್ದೇನೆ, ಕಾಗದಪತ್ರ ಓದಿದ್ದೇನೆ. ಏನೂ ಬಿಡಬಾರದು ಅನ್ನುವ ಆಸೆ ಇತ್ತು, ಈಗಲೂ ಇದೆ.

"ಏನು ಬದಲಾಗುತ್ತದೆ" ಅನ್ನುವ ಕಾಲಂನಲ್ಲಿ ಏಳಕ್ಕೆ "ಅಪ್ಪನಿಗೆ ಸರ್ಕಾರದ ಮೇಲಿನ ನಂಬಿಕೆ ಹೋಗುತ್ತದೆ" ಅಂತ ಬರೆದೆ. ಎಂಟಕ್ಕೂ ಅದೇ ಸಾಲು ಬಂತು.

ಕರಡಚ್ಚು_ಗೋಕಾಕ

ಒಂದೇ ಸಾಲು ಎರಡು ಸಲ ಬಂದರೆ ಅವು ಎರಡು ಅಧ್ಯಾಯ ಅಲ್ಲ ಅಕ್ಕಾ, ಒಂದೇ. ಇನ್ನು ಆ ಅಧ್ಯಾಯದಲ್ಲಿ ಅಣೆಕಟ್ಟಿನ ಮಟ್ಟ 519.60 ಮೀಟರ್, 524.256 ಮೀಟರ್ ಅನ್ನೋದು ಎಷ್ಟು ಸಲ ಬರುತ್ತದೆ ನೋಡಿ. ನಮ್ಮ ಕಡೆಯವರಿಗೆ ಆ ಎರಡು ಸಂಖ್ಯೆ ಬಾಯಿಪಾಠ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೂತು ಓದುವವರಿಗೆ ಅಣೆಕಟ್ಟಿನ ಎತ್ತರ ಏರಿದಷ್ಟೂ ನೀರು ಹಿಂದಕ್ಕೆ ಹರಡುತ್ತದೆ ಅಂತ ಒಂದು ಸಲ ತಿಳಿದರೆ ಸಾಕು. ಒಂದೇ ಕಡೆ ಇಡಿ, ಅದೂ ಯಾರದಾದರೂ ಬಾಯಲ್ಲಿ.

ಡೋಣಿದಂಡೆ

ನಾನು ವಿಜಯಪುರದವನು. ಬಹಳ ವರ್ಷ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ, ಮುಳುಗಡೆ ಕೇಸುಗಳ ಕಾಗದ ನೋಡಿದವನು. ಪರಿಹಾರದ ಭಾಗ ತೆಗೆಯಿರಿ ಅಂತ ಎಲ್ಲರೂ ಹೇಳುವ ಹಾಗೆ ಕಾಣುತ್ತಿದೆ, ನನಗೆ ಅದು ಒಪ್ಪಿಗೆ ಇಲ್ಲ ತಂಗಿ. ಆ ಕಚೇರಿಗಳ ಕಟ್ಟೆಯ ಮೇಲೆ ಜನ ತಮ್ಮ ಆಯುಷ್ಯ ಕಳೆದಿದ್ದಾರೆ. ಅದನ್ನು ಬರೆಯದೆ ಮುಳುಗಡೆಯ ಕಾದಂಬರಿ ಹೇಗಾಗುತ್ತದೆ?

ಆದರೆ 24,800 ಪದ ಬೇಕಾಗಿಲ್ಲ. ಒಂದು ಸಂಗತಿ ಹೇಳುತ್ತೇನೆ, ನಿಮಗೆ ಗೊತ್ತಿರಲೂಬಹುದು. 1894ರ ಹಳೇ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರದ ಹಣ ತಗೊಳ್ಳುವಾಗ ತಕರಾರು ಇದೆ ಅಂತ ಹೇಳಿ ತಗೊಂಡವರಿಗೆ ಮಾತ್ರ 18ನೇ ಕಲಮಿನ ಪ್ರಕಾರ ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗುವ ದಾರಿ ಇತ್ತು. ಸುಮ್ನೆ ಸಹಿ ಮಾಡಿ ಹಣ ತಗೊಂಡರೆ ಆ ದಾರಿ ಮುಚ್ಚಿತು. ರಸೀದಿಯ ಮೇಲೆ "ಅಂಡರ್ ಪ್ರೊಟೆಸ್ಟ್" ಅನ್ನುವ ಎರಡು ಪದ. ಅದನ್ನು ಬರೆಯಬೇಕು ಅಂತ ಗೊತ್ತಿದ್ದವನ ಕೇಸು ನಡೆಯಿತು, ಗೊತ್ತಿಲ್ಲದವನದು ಅಲ್ಲಿಗೇ ಮುಗಿಯಿತು.

ನಿಮ್ಮ ಕಾದಂಬರಿಯ ಅಪ್ಪ ಆ ಟೇಬಲ್ಲಿನ ಮುಂದೆ ನಿಂತಿರಲಿ. ಹಿಂದೆ ಸಾಲು ಇದೆ, ಮುಂದೆ ರಸೀದಿ ಇದೆ, ಪಕ್ಕದ ಮನೆಯವನು ಆಗಲೇ ಸಹಿ ಮಾಡಿ ಹೊರಗೆ ಹೋಗಿದ್ದಾನೆ. ಅಪ್ಪನ ಕಿವಿಯಲ್ಲಿ ಯಾರೋ ಆ ಎರಡು ಪದ ಹೇಳುತ್ತಾರೆ. ಅವನಿಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ. ಇಷ್ಟರಲ್ಲಿ 4(1), ಅವಾರ್ಡ್, ಕೋರ್ಟು ಎಲ್ಲ ಬಂತಲ್ಲ? ಇದಕ್ಕೆ ಒಂದು ಅಧ್ಯಾಯ ಕೊಡಿ, ಚೆನ್ನಾಗಿ ಕೊಡಿ, 8,000 ಪದ ಆದರೂ ಆಗಲಿ. ಉಳಿದ ಕಾಗದಪತ್ರ ನಿಮ್ಮ ಕಪಾಟಿನಲ್ಲಿರಲಿ.

ಹಳೇಊರು_ಬಾಗಲಕೋಟೆ

ಕಾಕಾ, ಈ ರಸೀದಿಯ ವಿಷಯ ನನ್ನ ಎಂಟನೇ ಅಧ್ಯಾಯದಲ್ಲಿ ಒಂದು ಪ್ಯಾರಾದಲ್ಲಿ ಬಂದು ಹೋಗಿದೆ. ಅದೇ ಅಧ್ಯಾಯ ಆಗಬೇಕಿತ್ತು ಅಂತ ಈಗ ಕಾಣುತ್ತಿದೆ. ತುಂಬಾ ಉಪಕಾರ.

ಮುಧೋಳ_ಕಬ್ಬು

ಕಾಕಾ ಹೇಳಿದ್ದು ಓದಿ ಸುಮ್ಮನೆ ಕೂತುಬಿಟ್ಟೆ.

ಬೇರೆ ಒಂದು ಪ್ರಶ್ನೆ, ಎಲ್ಲರಿಗೂ. ನಾನಿನ್ನೂ ಮೊದಲ ಕರಡಿನಲ್ಲೇ ಇದ್ದೇನೆ. ಬರೆಯುವಾಗಲೇ ಪದ ಎಣಿಸುವುದು ಒಳ್ಳೆಯದಾ, ಕೆಟ್ಟದ್ದಾ? ಹೊಲದಿಂದ ಬಂದು ರಾತ್ರಿ ಬರೆಯುವವನು ನಾನು. ದಿನಕ್ಕೆ ಇಷ್ಟು ಅಂತ ಇಟ್ಟುಕೊಂಡರೆ ಕಬ್ಬು ಕಟಾವು ಶುರುವಾದ ಕೂಡಲೇ ಎಲ್ಲ ತಪ್ಪುತ್ತದೆ, ಆಮೇಲೆ ಫೈಲ್ ತೆರೆಯಲಿಕ್ಕೇ ಬೇಜಾರು.

ಇಳಕಲ್ಲ_ಕೊಂಡಿ

ಅಣ್ಣಾ, ನಾನು ನ್ಯಾನೋರೈಮೋ ನೋಡಿ ಬರೆಯಲು ಶುರು ಮಾಡಿದವಳು. 1999ರಲ್ಲಿ ಅಮೆರಿಕದಲ್ಲಿ ಶುರುವಾದದ್ದು ಅದು, ನವೆಂಬರ್ ಒಂದು ತಿಂಗಳಲ್ಲಿ 50,000 ಪದ ಬರೆಯುವುದು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚುತ್ತೇವೆ ಅಂತ ಹೇಳಿತು. ತಿಂಗಳಿಗೆ 50,000 ಅಂದರೆ ದಿನಕ್ಕೆ 1,667 ಪದ ಆಗುತ್ತದೆ. ಕನ್ನಡದಲ್ಲಿ ಅಷ್ಟು ನನ್ನ ಕೈಯಲ್ಲಿ ಆಗಲೇ ಇಲ್ಲ. ಎಷ್ಟೋ ದಿನ ನಾನು ಸೋಮಾರಿ ಅಂದುಕೊಂಡಿದ್ದೆ. ಆಮೇಲೆ ತಿಳೀತು, ನಮ್ಮ ಭಾಷೆಯಲ್ಲಿ ವಿಭಕ್ತಿ, ಕಾಲ, "ಅಲ್ಲಿ ಇದ್ದವರಿಗೆ" ಅನ್ನೋದು ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುತ್ತದೆ. "ಮನೆಯಲ್ಲಿದ್ದವರಿಗಾದರೂ" ಅಂತ ಬರೆದರೆ ಎಣಿಕೆಗೆ ಬರೋದು ಒಂದು. ಇಂಗ್ಲಿಷಿನವರ ಗುರಿ ಇಟ್ಟುಕೊಂಡು ನಮ್ಮನ್ನು ನಾವು ಅಳೆಯೋದು ಬೇಡ ಅಲ್ವಾ?

ಕರಡಚ್ಚು_ಗೋಕಾಕ

ತಂಗಿ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ಕನ್ನಡದಲ್ಲಿ ಪದ ಎಣಿಕೆ ಅನ್ನೋದೇ ಬರೆಯುವವರ ಕೈ ಮೇಲೆ ನಿಂತಿದೆ. "ಮಾಡುತ್ತಾ ಇದ್ದ" ಅಂದರೆ ಎರಡು, "ಮಾಡುತ್ತಿದ್ದ" ಅಂದರೆ ಒಂದು. ನಮ್ಮ ಕಡೆಯ ಮಾತು ಬರೆಯುವವರು "ಮಾಡಾಕ ಹತ್ತಿದ್ದ" ಅಂತ ಬಿಡಿಸಿ ಬರೆದರೆ ಎರಡು, "ಮಾಡಾಕ್ಹತ್ತಿದ್ದ" ಅಂತ ಕೂಡಿಸಿದರೆ ಒಂದು. ಕಂಪ್ಯೂಟರ್ ನೋಡುವುದು ನಡುವೆ ಜಾಗ ಇದೆಯಾ ಅಂತ ಮಾತ್ರ. ವರ್ಡ್‌ನಲ್ಲಿ ಎರಡೂ ಕಡೆ ಜಾಗ ಬಿಟ್ಟು ಒಂದು ಗೆರೆ ಹಾಕಿದರೆ ಅದನ್ನೂ ಪದ ಅಂತ ಎಣಿಸುತ್ತದೆ. ಪಿಡಿಎಫ್‌ನಿಂದ ನಕಲು ಮಾಡಿ ಅಂಟಿಸಿದರೆ ಪದಗಳ ನಡುವೆಯೇ ಜಾಗ ಬಿದ್ದು ಸಂಖ್ಯೆ ಉಬ್ಬುತ್ತದೆ.

ಅಕ್ಷರ ಎಣಿಕೆಯನ್ನಂತೂ ನಂಬಲೇಬೇಡಿ. "ಸ್ತ್ರೀ" ನಮ್ಮ ಕಣ್ಣಿಗೆ ಒಂದಕ್ಷರ. ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ಈ ಕಾರ, ಒಟ್ಟು ಆರು. ಆದ್ದರಿಂದ ನಿಮ್ಮ ಸಂಖ್ಯೆಯನ್ನು ಬೇರೆಯವರ ಸಂಖ್ಯೆಯ ಜೊತೆ ಹೋಲಿಸಬೇಡಿ. ನಿಮ್ಮದೇ ಹಳೇ ಕರಡಿನ ಜೊತೆ ಹೋಲಿಸಿ. ಅದಕ್ಕೆ ಮಾತ್ರ ಅರ್ಥ ಇದೆ.

ಮುಧೋಳದ ತಮ್ಮನಿಗೆ: ದಿನದ ಗುರಿ ಬಿಡು, ವಾರದ ಗುರಿ ಇಟ್ಟುಕೊ. ವಾರಕ್ಕೆ 2,000 ಸಾಕು. ಕಟಾವಿನ ತಿಂಗಳುಗಳಲ್ಲಿ ಗುರಿಯೇ ಬೇಡ, ಮುಂದೆ ಬರೆಯಬೇಕಾದ ದೃಶ್ಯದ ಬಗ್ಗೆ ಎರಡು ಸಾಲು ಫೋನಿನಲ್ಲಿ ಬರೆದಿಟ್ಟುಕೋ. ಎಲ್ಲಿ ಬಿಟ್ಟಿದ್ದೆ ಅನ್ನೋದು ಮರೆಯದೆ ಇದ್ದರೆ ಫೈಲ್ ತೆರೆಯಲು ಬೇಜಾರಾಗುವುದಿಲ್ಲ.

ಮುಧೋಳ_ಕಬ್ಬು

ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸ್ತೀನಿ ಸರ್, ಗದ್ದಲ ಇಲ್ಲದ ಕಡೆ ಚೆನ್ನಾಗೇ ಬರುತ್ತದೆ. ಆದರೆ ಹಾಗೆ ಬರೆದ ಅಧ್ಯಾಯ ಕೈಯಲ್ಲಿ ಬರೆದದ್ದಕ್ಕಿಂತ ಯಾವಾಗಲೂ ಉದ್ದ. ಬಾಯಲ್ಲಿ ಹೇಳುವಾಗ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಕೇಳುವವರಿಗೆ ಅದು ಬೇಕು, ಓದುವವರಿಗೆ ಬೇಡ.

ಹಳೇಊರು_ಬಾಗಲಕೋಟೆ

ಪಟ್ಟಿಯಲ್ಲಿ ಇನ್ನೊಂದು ಕಂಡಿದೆ. ಸಣ್ಣ ಕಾಕಾ ಪುಣೆಗೆ ದುಡಿಯಲು ಹೋಗುವ ಕಥೆ ಮೂರು ಅಧ್ಯಾಯದಲ್ಲಿದೆ, 13,500 ಪದ. ಅವನು ಅಲ್ಲಿ ಹೋಗಿ ಬಂದರೂ ಮನೆಯ ಕಥೆಯಲ್ಲಿ ಏನೂ ಅಲ್ಲಾಡುವುದಿಲ್ಲ. ಅವನ ಮನಿಯಾರ್ಡರ್ ಒಂದು ಮಾತ್ರ ಮುಖ್ಯ. ಆ ಮೂರೂ ಅಧ್ಯಾಯ ಪೂರ್ತಿ ತೆಗೆದು, ಮನಿಯಾರ್ಡರ್ ಬಂದದ್ದನ್ನು ಅವ್ವನ ಅಧ್ಯಾಯದೊಳಗೆ ಇಟ್ಟರೆ ಆಗುತ್ತದಾ? ಬರೆದದ್ದು ಚೆನ್ನಾಗಿದೆ ಅಂತ ನನಗೆ ಅನ್ನಿಸುತ್ತದೆ, ಅದೇ ಸಂಕಟ.

ಇಳಕಲ್ಲ_ಕೊಂಡಿ

ಅಕ್ಕಾ, ತೆಗೆಯೋದು ಸುಲಭ, ಜೋಡಿಸೋದು ಕಷ್ಟ. ನಮ್ಮ ಮನೆಯಲ್ಲಿ ಸೀರೆ ನೇಯುತ್ತಾರೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಸೇರಿಸ್ತಾರೆ. ಅಧ್ಯಾಯ ತೆಗೆದ ಮೇಲೂ ಹಾಗೇ ಎಳೆ ಎಳೆ ನೋಡಬೇಕು. ಕಾಕಾನ ಹೆಸರು ಎಲ್ಲೆಲ್ಲಿ ಬರುತ್ತದೆ, ಅವನು ತಂದ ಟ್ರಂಕು ಇಪ್ಪತ್ತನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಓದುವವರು ಇದೆಲ್ಲಿಂದ ಬಂತು ಅಂತಾರೆ. ಅವನ ಹೆಸರು ಹಾಕಿ ಪೂರ್ತಿ ಫೈಲ್ ಹುಡುಕಿ.

ಕರಡಚ್ಚು_ಗೋಕಾಕ

ಸರಿಯಾದ ಮಾತು. ಮತ್ತೆ ತೆಗೆದದ್ದನ್ನು ಅಳಿಸಬೇಡಿ. "ತೆಗೆದದ್ದು" ಅಂತಲೇ ಒಂದು ಫೈಲ್ ಮಾಡಿ ಅದರಲ್ಲಿ ಹಾಕಿ, ಹಳೇ ಪೂರ್ತಿ ಕರಡನ್ನು ತಾರೀಖು ಹಾಕಿ ಬೇರೆ ಕಡೆ ಇಡಿ. ಪುಣೆಯ ಕಾಕಾನ ಕಥೆ ನೀಳ್ಗತೆಯಾಗಿ ಯಾವುದಾದರೂ ವಿಶೇಷಾಂಕಕ್ಕೆ ಹೋಗಬಹುದು. ಅದು ಎಲ್ಲಿಯೂ ಹೋಗಿಲ್ಲ ಅಂತ ಗೊತ್ತಿದ್ದರೆ ಕೈ ನಡುಗುವುದಿಲ್ಲ.

ಇನ್ನು ವಾಕ್ಯದ ಮಟ್ಟಕ್ಕೆ ಬರೋಣ. ಅಕ್ಕಾ, ಒಂದು ಪ್ಯಾರಾ ಇಲ್ಲಿ ಹಾಕ್ತೀರಾ? ನಿಮಗೆ ಇಷ್ಟವಾದದ್ದೇ ಹಾಕಿ.

ಹಳೇಊರು_ಬಾಗಲಕೋಟೆ

ಇದು ಹಳೇ ಮನೆ ಬಿಚ್ಚುವ ದಿನ. ಮುಳುಗಡೆಯಲ್ಲಿ ಜನ ಬಾಗಿಲು, ಕಿಟಕಿ, ತೊಲೆ ಎಲ್ಲ ಬಿಚ್ಚಿಕೊಂಡು ಹೋದರಲ್ಲ, ಆಗಿನದು.

"ಅವ್ವ ಹಳೆಯ ಮನೆಯ ಮುಂದೆ ನಿಂತುಕೊಂಡು ತುಂಬಾ ಹೊತ್ತು ಸುಮ್ಮನೆ ನೋಡುತ್ತಲೇ ಇದ್ದಳು. ಅವಳ ಮನಸ್ಸಿನಲ್ಲಿ ಹೇಳಲಾರದ ನೋವು ತುಂಬಿಕೊಂಡಿತ್ತು. ಇಷ್ಟು ವರ್ಷ ಬದುಕಿದ ಮನೆಯನ್ನು ಬಿಟ್ಟು ಹೋಗಬೇಕಲ್ಲ ಎಂಬ ಸಂಕಟ ಅವಳನ್ನು ಕಾಡುತ್ತಿತ್ತು. ಬಡಿಗ ಬಾಗಿಲಿನ ಚೌಕಟ್ಟನ್ನು ಕೀಳಲು ಶುರು ಮಾಡಿದ. ಅವ್ವ ಅವನ ಹತ್ತಿರ ಹೋಗಿ, ಸಾವಕಾಶ ತಗಿಯೋ ತಮ್ಮಾ, ಬಿರುಕು ಬಿಟ್ಟೀತು ಎಂದು ಹೇಳಿದಳು."

ಕರಡಚ್ಚು_ಗೋಕಾಕ

ಈ ಪ್ಯಾರಾದಲ್ಲಿ ಜೀವ ಇರುವುದು ಕೊನೆಯ ಮಾತಿನಲ್ಲಿ. ಮನೆ ಬಿಟ್ಟು ಹೋಗುತ್ತಿರುವ ಹೆಂಗಸು ಚೌಕಟ್ಟಿನ ಚಿಂತೆ ಮಾಡುತ್ತಿದ್ದಾಳೆ. ಅಲ್ಲೇ ಎಲ್ಲ ಗೊತ್ತಾಗುತ್ತದೆ. ಅದಕ್ಕಿಂತ ಮುಂಚೆ ನೋವು, ಸಂಕಟ ಅಂತ ನೀವೇ ಹೇಳಿಬಿಟ್ಟರೆ ಅವಳ ಮಾತಿಗೆ ಕೆಲಸವೇ ಉಳಿಯುವುದಿಲ್ಲ. ನಾನಾದರೆ ಹೀಗೆ ಇಡುತ್ತೇನೆ:

"ಬಡಿಗ ಬಾಗಿಲ ಚೌಕಟ್ಟು ಕೀಳಲು ಶುರು ಮಾಡಿದ. 'ಸಾವಕಾಶ ತಗಿಯೋ ತಮ್ಮಾ, ಬಿರುಕು ಬಿಟ್ಟೀತು,' ಅಂದಳು ಅವ್ವ."

ನಲವತ್ತಕ್ಕೂ ಹೆಚ್ಚು ಪದ ಇದ್ದದ್ದು 13ಕ್ಕೆ ಬಂತು.

ಡೋಣಿದಂಡೆ

ಚೆನ್ನಾಗಾಯ್ತು, ಆದರೆ ಜಾಸ್ತಿ ಆಯ್ತು. ಅವ್ವ ಮನೆಯ ಮುಂದೆ ಬಹಳ ಹೊತ್ತು ನಿಂತದ್ದು ಹೋಯ್ತಲ್ಲ? ಅದು ನಾನು ಕಣ್ಣಾರೆ ಕಂಡದ್ದು. ಜನ ಹಾಗೆ ನಿಲ್ಲುತ್ತಿದ್ದರು. ನೋವು, ಸಂಕಟ ಎರಡೂ ವಾಕ್ಯ ತೆಗೆಯಿರಿ, ನಿಂತದ್ದನ್ನು ಉಳಿಸಿ. ಓದುವವರಿಗೂ ಅಲ್ಲಿ ಒಂದು ಕ್ಷಣ ನಿಲ್ಲಲು ಜಾಗ ಬೇಕು. ಕಾದಂಬರಿ ಅಂದರೆ ಬರೀ ಸಾರಾಂಶ ಅಲ್ಲ.

ಕರಡಚ್ಚು_ಗೋಕಾಕ

ಒಪ್ಪಿದೆ ಕಾಕಾ. "ಅವ್ವ ಮನೆಯ ಮುಂದೆ ಬಹಳ ಹೊತ್ತು ನಿಂತಳು" ಅಂತ ಮೊದಲ ಸಾಲು ಇರಲಿ. ಆರೇ ಪದ, ಇರಬೇಕಾದ ಪದ.

ಅಕ್ಕಾ, ಹುಡುಕುವಾಗ ಒಂದು ಎಚ್ಚರ. "ತುಂಬಾ", "ಒಂದು ರೀತಿಯ", "ಮನಸ್ಸಿನಲ್ಲಿ", "ಎಂದು ಹೇಳಿದಳು", "ಅಷ್ಟರಲ್ಲಿ" ಇವನ್ನು ಹುಡುಕಿ ನೋಡಿ, ರಾಶಿ ರಾಶಿ ಸಿಗುತ್ತವೆ. ಆದರೆ ಎಲ್ಲವನ್ನೂ ಒಂದೇ ಸಲ ಬದಲಿಸುವ ಗುಂಡಿ ಒತ್ತಬೇಡಿ. "ತುಂಬ" ಅಂತ ಹಾಕಿ ಒಂದೇ ಸಲ ತೆಗೆದರೆ "ತುಂಬಿದ" ಅನ್ನುವ ಪದದಿಂದಲೂ ಅಷ್ಟು ಭಾಗ ಹೋಗಿ ಬರೀ ಗುಡಿಸು ಮತ್ತು "ದ" ಉಳಿಯುತ್ತದೆ. ಒಂದೊಂದನ್ನೇ ನೋಡಿ ತೆಗೆಯಬೇಕು. ನಿಧಾನ ಆಗುತ್ತದೆ, ಆಗಲಿ. ಮತ್ತೆ ಪ್ರತಿ ಅಧ್ಯಾಯವನ್ನೂ ಗಟ್ಟಿಯಾಗಿ ಓದಿ. ನಾಲಗೆ ಎಡವಿದ ಕಡೆ ಗುರುತು ಹಾಕಿ.

ಪುಟವಿನ್ಯಾಸ_ಬೆಳಗಾವಿ

ಲೆಕ್ಕ ನೋಡೋಣ. ಏಳು, ಎಂಟು ಸೇರಿ 8,000 ಆದರೆ 16,800 ಕಡಿಮೆಯಾಯ್ತು. ಪುಣೆಯದು 13,500. ಒಟ್ಟು 30,300 ಹೋಯ್ತು, ಉಳಿದದ್ದು 87,700. ನಾನು ಸಾಲಿನ ಅಂತರ 17ರಿಂದ 16 ಪಾಯಿಂಟಿಗೆ ಇಳಿಸಿದರೆ ಪುಟಕ್ಕೆ 31 ಸಾಲು ಕೂರುತ್ತದೆ, 248 ಪದ. 320 ಪುಟಕ್ಕೆ 79,000ದ ಮೇಲೆ ಹಿಡಿಸುತ್ತದೆ. ಅಲ್ಲಿಗೆ ನೀವು ವಾಕ್ಯ ತಿದ್ದಿ ತೆಗೆಯಬೇಕಾದದ್ದು 8,000 ಚಿಲ್ಲರೆ. ಈಗ ಆ ಶೇಕಡ 10ರ ಸೂತ್ರ ನಿಮಗೆ ಬಂತು ನೋಡ್ರಿ.

ಪ್ರಕಾಶಕರು ಇನ್ನೂ ಇಳಿಸು ಅಂತ ಹೇಳಿದರೂ 16ಕ್ಕಿಂತ ಕೆಳಗೆ ಒಪ್ಪಬೇಡಿ. ಕನ್ನಡಕ್ಕೆ ಮೇಲೆಯೂ ಜಾಗ ಬೇಕು, ಕೆಳಗೂ ಬೇಕು. ಮೇಲಿನ ಸಾಲಿನ ಒತ್ತಕ್ಷರ ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂಥ ಪುಸ್ತಕ ವಯಸ್ಸಾದವರು ಓದಲಾರರು. ಮುಳುಗಡೆಯ ಕಥೆ ಮೊದಲು ಓದುವವರು ಅವರೇ.

ಇಳಕಲ್ಲ_ಕೊಂಡಿ

ಈಗ ನನ್ನದು ಕೇಳಲಾ? 31,000 ಪದ. ಪುಟವಿನ್ಯಾಸದ ಅಣ್ಣನ ಮೊದಲ ಲೆಕ್ಕದಲ್ಲಿ 134 ಪುಟ. ಇದು ಕಾದಂಬರಿ ಆಗುತ್ತದಾ, ಇಲ್ಲಾ ಉದ್ದ ಮಾಡಬೇಕಾ?

ಕರಡಚ್ಚು_ಗೋಕಾಕ

ಅಮೆರಿಕದ ನೆಬ್ಯುಲಾ ಪ್ರಶಸ್ತಿಯವರು 40,000 ದಾಟಿದರೆ ಕಾದಂಬರಿ, 17,500ರಿಂದ ಅಲ್ಲಿಯವರೆಗೆ ಕಿರುಕಾದಂಬರಿ ಅಂತ ಗೆರೆ ಹಾಕಿದ್ದಾರೆ. ಅದು ಅವರ ಸ್ಪರ್ಧೆಗೆ, ಅವರ ಭಾಷೆಗೆ. ಕನ್ನಡದಲ್ಲಿ ಅಂಥ ಗೆರೆ ಇಲ್ಲ. ನೂರು, ನೂರಿಪ್ಪತ್ತು ಪುಟದ ಕಾದಂಬರಿಗಳನ್ನು ನಮ್ಮವರು ಪ್ರೀತಿಯಿಂದ ಓದಿದ್ದಾರೆ. ಪುಟ ತುಂಬಿಸಲು ಸೂರ್ಯೋದಯ, ಮಳೆ ಅಂತ ಸೇರಿಸಬೇಡ ತಂಗಿ. ನೀನೂ ಅಕ್ಕನ ಹಾಗೇ ಪಟ್ಟಿ ಮಾಡು. ಯಾವ ಅಧ್ಯಾಯ ತೀರ ಚಿಕ್ಕದು ನೋಡು. ಬರೆಯಲು ಭಯವಾಗಿ ಎರಡು ಸಾಲಿನಲ್ಲಿ ದಾಟಿಕೊಂಡು ಹೋದ ಸಂಗತಿ ಅಲ್ಲಿ ಇದ್ದರೂ ಇರಬಹುದು. ಇದ್ದರೆ ಅದನ್ನು ಬರಿ. ಇಲ್ಲದಿದ್ದರೆ 31,000ವೇ ಸರಿ.

ಇಳಕಲ್ಲ_ಕೊಂಡಿ

ಇದೆ ಸರ್. ಯಾವುದು ಅಂತ ಕೂಡಲೇ ಗೊತ್ತಾಯ್ತು.

ಹಳೇಊರು_ಬಾಗಲಕೋಟೆ

ಪುಟವಿನ್ಯಾಸದ ತಮ್ಮಾ, ಕೊನೆಯದಾಗಿ ಒಂದು. ಮುನ್ನುಡಿ, ನನ್ನ ಮಾತು, ಬೆನ್ನುಡಿ ಇವೆಲ್ಲ ಆ 320ರ ಒಳಗಾ, ಹೊರಗಾ? ಪ್ರಕಾಶಕರು ನಮ್ಮ ಕಡೆಯ ಮಾತುಗಳಿಗೆ ಕೊನೆಯಲ್ಲಿ ಅರ್ಥಕೋಶವೂ ಇರಲಿ ಅಂದಿದ್ದಾರೆ.

ಪುಟವಿನ್ಯಾಸ_ಬೆಳಗಾವಿ

ಬೆನ್ನುಡಿ ರಕ್ಷಾಪುಟದ ಮೇಲೆ ಬರುತ್ತದೆ, ಅದಕ್ಕೆ ಲೆಕ್ಕ ಇಲ್ಲ. ಉಳಿದದ್ದೆಲ್ಲ ಒಳಗೇ ಅಕ್ಕಾ, ಫಾರ್ಮ್ 20 ಅಂದರೆ ಎಲ್ಲ ಸೇರಿ 20. ಶೀರ್ಷಿಕೆ ಪುಟ, ಹಕ್ಕಿನ ಪುಟ, ಅರ್ಪಣೆ, ಮುನ್ನುಡಿ, ನಿಮ್ಮ ಮಾತು ಸೇರಿ 12 ಪುಟ ಹೋಯ್ತು ಅಂತಲೇ ಇಟ್ಟುಕೊಳ್ಳಿ. ಅಂದರೆ ಕಥೆಯಿಂದ ಇನ್ನೂ 3,000 ಪದ ಹೋಗಬೇಕು. ಅರ್ಥಕೋಶ ಹಾಕಿದರೆ ಇನ್ನೊಂದು ಐದಾರು ಪುಟ. ಸಂದರ್ಭದಲ್ಲೇ ಅರ್ಥವಾಗುವ ಹಾಗೆ ಬರೆದಿದ್ದರೆ ಅದು ಬೇಡ ಅಂತ ಹೇಳಿ ನೋಡಿ.

ಹಳೇಊರು_ಬಾಗಲಕೋಟೆ

ಅರ್ಥಕೋಶ ಬಿಡುತ್ತೇನೆ. ಆ ಪುಟಗಳನ್ನು ಅವ್ವನಿಗೆ ಕೊಡುತ್ತೇನೆ. ಮುನ್ನುಡಿ ಬರೆಯುವವರಿಗೆ ನಾಲ್ಕು ಪುಟ ಅಂತ ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ಮೊದಲು ರಸೀದಿಯ ಅಧ್ಯಾಯ ಹೊಸದಾಗಿ ಬರೆಯಬೇಕು. ಡೋಣಿದಂಡೆ ಕಾಕಾ, ಬರೆದ ಮೇಲೆ ನಿಮಗೆ ಕಳಿಸಲಾ? ಕಾನೂನಿನ ಮಾತು ತಪ್ಪಿದ್ದರೆ ತಿದ್ದಬೇಕು.

ಡೋಣಿದಂಡೆ

ಕಳಿಸಿ ತಂಗಿ. ದೊಡ್ಡ ಅಕ್ಷರದಲ್ಲಿ ಕಳಿಸಿ.

ಪುಟವಿನ್ಯಾಸ_ಬೆಳಗಾವಿ

ನನಗೆ ಎರಡು ಅಧ್ಯಾಯ ಕಳಿಸಿ ಅಕ್ಕಾ, ಒಂದು ವಿವರಣೆ ಜಾಸ್ತಿ ಇರುವುದು, ಒಂದು ಮಾತು ಜಾಸ್ತಿ ಇರುವುದು. ಕೂರಿಸಿ ನೋಡಿ ನಿಮ್ಮ ಪುಟಕ್ಕೆ ನಿಜವಾಗಿ ಎಷ್ಟು ಪದ ಹಿಡಿಯುತ್ತದೆ ಅಂತ ಹೇಳುತ್ತೇನೆ. ಯೂನಿಕೋಡಿನಲ್ಲೇ ಇರಲಿ, ನುಡಿ ಫಾಂಟಿಗೆ ನಾನೇ ಬದಲಾಯಿಸಿಕೊಳ್ಳುತ್ತೇನೆ.